ಐದನೆಯವನ ನಿವೃತ್ತಿ

ಡೋಟಾ 2 ಎಂಬ ಕಂಪ್ಯೂಟರ್ ಆಟವನ್ನು ಆಡುವ ವೃತ್ತಿಪರ ತಂಡದಲ್ಲಿ ಐವರಿರುತ್ತಾರೆ. ಆಟದೊಳಗಿನ ಚಿನ್ನ ಯಾರಿಗೆ ಮೊದಲು ಸಲ್ಲಬೇಕು ಎಂಬ ಲೆಕ್ಕದಲ್ಲಿ ಅವರಿಗೆ ಒಂದರಿಂದ ಐದರವರೆಗೆ ಸ್ಥಾನಗಳನ್ನು ಹಂಚಲಾಗುತ್ತದೆ. ಒಂದನೆಯವನು ಕ್ಯಾರಿ, ಕೊನೆಯಲ್ಲಿ ಎದುರಾಳಿಗಳನ್ನೆಲ್ಲ ಹೊಡೆದುರುಳಿಸಿ ಜೈಕಾರ ಹಾಕಿಸಿಕೊಳ್ಳುವವನು. ಐದನೆಯವನು ಸಪೋರ್ಟ್, ಉಳಿದವರಿಗೆ ನೆರವಾಗುವವನು. ನಿವೃತ್ತನಾಗುವವರೆಗೂ ನಾನು ಐದನೆಯವನಾಗಿಯೇ ಇದ್ದೆ. ಆರನೆಯ ಸ್ಥಾನವೆಂಬುದು ಇದ್ದಿದ್ದರೆ ಖಂಡಿತ ಅಲ್ಲಿಗೆ ವರ್ಗ ಮಾಡುತ್ತಿದ್ದರು.

ಈಗಿನ ಹುಡುಗರು ಪುಣ್ಯವಂತರು. 2019ರಲ್ಲಿ ಬಂದ ಆಟದ 7.23 ಪರಿಷ್ಕರಣೆಯಿಂದ ಪ್ರತಿಯೊಬ್ಬರಿಗೂ ಕೊಂಡ ಸಾಮಾನನ್ನು ಹೊತ್ತು ತರುವ ಸ್ವಂತ ಕೊರಿಯರ್ ಪುಕ್ಕಟೆಯಾಗಿ ಸಿಗುತ್ತದೆ. ಅದಕ್ಕೂ ಮೊದಲು ಇಡೀ ತಂಡಕ್ಕೆ ಒಂದೇ ಕೊರಿಯರ್ ಪ್ರಾಣಿ. ಅದನ್ನು ಕೊಳ್ಳುವುದು, ವಾಡಿಕೆಯಂತೆ, ಎಲ್ಲರಿಗಿಂತ ಕಡಿಮೆ ಚಿನ್ನವಿರುವ ನನ್ನ ಪಾಲಿಗೆ ಬರುತ್ತಿತ್ತು. ಕೊಂಡವನು ನಾನಾದರೂ ಅದು ನನ್ನ ಸಾಮಾನನ್ನು ಹೊತ್ತು ಹೊರಟಾಗಲೆಲ್ಲ ಕ್ಯಾರಿಗೆ ಏನೋ ತುರ್ತು ಬಂದು, ನನ್ನ ಬೂಟುಗಳು ಅರ್ಧ ದಾರಿಯಿಂದ ಹಿಂದಿರುಗುತ್ತಿದ್ದವು. ಕ್ಯಾರಿಯ ಆತುರಕ್ಕೆ ಆ ಪ್ರಾಣಿ ಶತ್ರುಗಳ ನಡುವೆ ಹಾರಿ ಸತ್ತರೆ, ಎದುರಾಳಿಗಳಿಗೆ ಬಹುಮಾನದ ಚಿನ್ನ, ನನಗೆ ಬೈಗುಳ.

ನನ್ನ ನಿಜವಾದ ಕಸುಬು ವಾರ್ಡ್ ನೆಡುವುದು. ಅಬ್ಸರ್ವರ್ ವಾರ್ಡ್ ಎಂದರೆ ಆರು ನಿಮಿಷ ಬದುಕುವ ಕಣ್ಣು. ಗುಡ್ಡದ ಮೇಲೆ ನೆಟ್ಟರೆ ಸುತ್ತಲಿನ ಕಾಡೆಲ್ಲ ತಂಡಕ್ಕೆ ಕಾಣುತ್ತದೆ. ಆದರೆ ಆ ಗುಡ್ಡವನ್ನು ಕತ್ತಲಲ್ಲಿ, ಒಬ್ಬನೇ ಹತ್ತಬೇಕು. ಅಲ್ಲಿ ಯಾರೂ ಇಲ್ಲವೆಂದು ತಿಳಿಯಲು ವಾರ್ಡ್ ಬೇಕು, ವಾರ್ಡ್ ನೆಡಬೇಕಾದರೆ ಅಲ್ಲಿ ಯಾರೂ ಇರಬಾರದು. ಈ ಸಮಸ್ಯೆಗೆ ಆಟವನ್ನು ರೂಪಿಸಿದವರು ಇನ್ನೂ ಪರಿಹಾರ ಕಂಡುಹಿಡಿದಿಲ್ಲ. ನಾನು ಕಣ್ಣನ್ನು ನೆಟ್ಟ ಕೂಡಲೇ ಪೊದೆಯಿಂದ ಮೂವರು ಹೊರಬಂದು ನನ್ನನ್ನು ಮುಗಿಸುತ್ತಿದ್ದರು. ಅನಂತರ ಅಡಗಿರುವ ವಾರ್ಡ್‌ಗಳನ್ನು ತೋರಿಸುವ ಸೆಂಟ್ರಿ ವಾರ್ಡ್ ಇಟ್ಟು ನನ್ನ ಕಣ್ಣನ್ನೂ ಹುಡುಕಿ ಒಡೆಯುತ್ತಿದ್ದರು. ಎರಡಕ್ಕೂ ಅವರಿಗೆ ಪ್ರತ್ಯೇಕ ಚಿನ್ನ. ಎದುರಾಳಿಗಳ ಆರ್ಥಿಕ ಏಳಿಗೆಗೆ ನನ್ನಷ್ಟು ದುಡಿದವರು ಅವರ ತಂಡದಲ್ಲೂ ಇರಲಿಕ್ಕಿಲ್ಲ.

ಸಾಯುವುದನ್ನು ಕ್ಷಮಿಸುತ್ತಾರೆ, ಕೊಲ್ಲುವುದನ್ನು ಕ್ಷಮಿಸುವುದಿಲ್ಲ; ಕೊನೆಯ ಏಟಿನ ಚಿನ್ನ ಕ್ಯಾರಿಗೆ ಸಲ್ಲಬೇಕಾದದ್ದು. ಒಮ್ಮೆ ಪ್ರಾಣ ಕೂದಲೆಳೆಯಷ್ಟು ಉಳಿದಿದ್ದ ಶತ್ರುವೊಬ್ಬನ ಮೇಲೆ ನಮ್ಮ ಕ್ಯಾರಿ ಕತ್ತಿ ಎತ್ತಿದ ಹೊತ್ತಿಗೆ, ನಾನು ಬಹಳ ಮೊದಲೇ ಹಚ್ಚಿ ಮರೆತಿದ್ದ ವಿಷದ ಕೊನೆಯ ಹನಿ ಕೆಲಸ ಮುಗಿಸಿಬಿಟ್ಟಿತು. ಹೆಡ್‌ಸೆಟ್‌ನಲ್ಲಿ ಸೂತಕದ ಮೌನ. ಆ ಪಂದ್ಯವನ್ನು ನಾವು ಗೆದ್ದರೂ, ಮರುದಿನದ ವಿಮರ್ಶೆಯಲ್ಲಿ ಕೋಚ್ ಆ ವಿಷವನ್ನು ಹಿಂದೆ ಮುಂದೆ ಓಡಿಸಿ ತೋರಿಸಿದರು.

ನಮ್ಮ ಸ್ಥಾನದಲ್ಲಿ ದೊಡ್ಡವರೂ ಇದ್ದಾರೆ, ಇಲ್ಲವೆನ್ನಲಾರೆ. ಮೊದಲು ಕ್ಯಾರಿಯಾಗಿದ್ದ ಕುರೋಕಿ ಸಪೋರ್ಟ್ ಆಗಿ ಬದಲಾಗಿ 2017ರಲ್ಲಿ ಟೀಮ್ ಲಿಕ್ವಿಡ್‌ನೊಂದಿಗೆ ಡೋಟಾ 2ರ ವಿಶ್ವ ಚಾಂಪಿಯನ್‌ಷಿಪ್ ಆದ ದಿ ಇಂಟರ್‌ನ್ಯಾಷನಲ್ ಗೆದ್ದರು. ಓಜಿ ತಂಡದ ಆಗಿನ ನಾಯಕ ನೋಟೇಲ್ 2018 ಮತ್ತು 2019ರಲ್ಲಿ ಸತತವಾಗಿ ಗೆದ್ದರು. ಐದನೆಯವರು ನಾಯಕರಾಗುವುದಕ್ಕೆ ಕಾರಣ ಸರಳವೆಂದು ನನ್ನ ಅಭಿಪ್ರಾಯ: ಕೈಯಲ್ಲಿ ಕಾಸಿಲ್ಲದವನಿಗೆ ಯೋಚಿಸಲು ಬೇಕಾದಷ್ಟು ಬಿಡುವಿರುತ್ತದೆ. ಆದರೂ ಪಂದ್ಯಕ್ಕೆ ಮೊದಲು ಹೀರೋಗಳನ್ನು, ಅಂದರೆ ಆಡಲಿರುವ ಪಾತ್ರಗಳನ್ನು, ಆರಿಸುವಾಗ ಸಾಮಾನ್ಯವಾಗಿ ಸಪೋರ್ಟ್‌ನ ಹೀರೋವನ್ನೇ ಮೊದಲು ಬಯಲಿಗಿಡುತ್ತಾರೆ. ಕ್ಯಾರಿಯದನ್ನು ಎದುರಾಳಿ ಉಪಾಯ ಹೂಡದಿರಲೆಂದು ಕೊನೆಯವರೆಗೂ ಬಚ್ಚಿಡುತ್ತಾರೆ. ನನಗೆ ಉಪಾಯ ಹೂಡುವ ಶ್ರಮವನ್ನು ಯಾರೂ ತೆಗೆದುಕೊಂಡದ್ದಿಲ್ಲ.

ನಿವೃತ್ತಿಯ ನಂತರ ಕೈ ಮಾತ್ರ ಸುಮ್ಮನಿರುವುದಿಲ್ಲ. ನಿಮಿಷ ತುಂಬಲು ಆರೇಳು ಸೆಕೆಂಡು ಉಳಿದಿರುವಾಗ ಕಾಡಿನ ಪ್ರಾಣಿಗಳನ್ನು ಗೂಡಿನಿಂದ ಹೊರಗೆಳೆದು, ಖಾಲಿ ಗೂಡಿನಲ್ಲಿ ಹೊಸ ಗುಂಪು ಹುಟ್ಟುವಂತೆ ಮಾಡಿ, ಕ್ಯಾರಿಗಾಗಿ ಎರಡು ಗುಂಪು ಮಾಡಿಡುವ ಅಭ್ಯಾಸವಿತ್ತಲ್ಲ, ಗಡಿಯಾರದ ಮುಳ್ಳು ಅಲ್ಲಿಗೆ ಬಂದರೆ ಬೆರಳು ಈಗಲೂ ತುರಿಸುತ್ತದೆ. ಲಿಫ್ಟ್‌ನ ಬಾಗಿಲು ಹಿಡಿದು ಎಲ್ಲರನ್ನೂ ಒಳಗೆ ಹತ್ತಿಸಿ, ತೂಕ ಹೆಚ್ಚಾಯಿತೆಂದು ಅದು ಕೂಗಿದಾಗ ಮೆಟ್ಟಿಲು ಹತ್ತುವವನು ನಾನೇ.

ಪಂದ್ಯಗಳ ನೇರಪ್ರಸಾರ ಮಾಡುವ ಸಂಸ್ಥೆಯೊಂದಕ್ಕೆ ವಿಶ್ಲೇಷಕರು ಬೇಕಾಗಿದ್ದಾರೆಂದು ತಿಳಿದು ಸಂದರ್ಶನಕ್ಕೆ ಹೋದೆ. ನಮ್ಮ ತಂಡದ ಹಳೆಯ ಪಂದ್ಯವೊಂದನ್ನು ಪರದೆಯ ಮೇಲೆ ಹಾಕಿ, "ಇದರಲ್ಲಿ ನೀವೆಲ್ಲಿದ್ದೀರಿ?" ಎಂದು ಕೇಳಿದರು. ಕ್ಯಾಮೆರಾ ಆದ್ಯಂತ ಕ್ಯಾರಿಯ ಬೆನ್ನಿಗೇ ಬಿದ್ದಿತ್ತು. ಭೂಪಟದ ಮೂಲೆಯ ಪುಟ್ಟ ಕಣ್ಣಿನ ಗುರುತೊಂದನ್ನು ತೋರಿಸಿ, "ಅದು ನಾನು ನೆಟ್ಟದ್ದು" ಎಂದೆ. ಅವರು ಮುಂದಕ್ಕೆ ಬಾಗಿ ನೋಡುವಷ್ಟರಲ್ಲಿ ಅದನ್ನು ಯಾರೋ ಒಡೆದುಹಾಕಿದರು. ಕೆಲವು ದಿನಗಳ ಮೇಲೆ ಅಲ್ಲಿಂದ ಕರೆ ಬಂತು. ಆ ಕ್ಯಾರಿಯ ಫೋನ್ ನಂಬರ್ ಇದೆಯೇ ಎಂದು ವಿಚಾರಿಸಿದರು. ಕೊಟ್ಟೆ. ಅವನು ತಡವಾಗಿ ಏಳುತ್ತಾನೆ, ಮಧ್ಯಾಹ್ನದ ಮೇಲೆ ಕರೆ ಮಾಡಿ ಎಂದೂ ತಿಳಿಸಿದೆ.