ಮ್ಯಾಂಚೆಸ್ಟರ್ ಸಲಹೆ, ದಾವಣಗೆರೆ ದ್ರಾಕ್ಷಿ

ದಾವಣಗೆರೆಯಲ್ಲಿ ದ್ರಾಕ್ಷಿ ಬೆಳೆಯೋದು ದೊಡ್ಡ ಕಷ್ಟವೇನಲ್ಲ. ಇಂಗ್ಲೆಂಡಿನಿಂದ ಸಲಹೆ ತರಿಸಿಕೊಂಡು ಬೆಳೆಯೋದು ಇದೆಯಲ್ಲ, ಅದು ಕಷ್ಟ. ನಮ್ಮನೆಯಲ್ಲಿ ನಡೆದಿದ್ದು ಎರಡನೆಯದು.

ನನ್ನ ತಮ್ಮ ಇರೋದು ಮ್ಯಾಂಚೆಸ್ಟರ್‌ನಲ್ಲಿ. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಹಾಗಾಗಿ ನಮ್ಮ ಯಜಮಾನರ ಪ್ರಕಾರ ಎರಡೂ ಊರು ಒಂದೇ. ಅಲ್ಲಿ ಆಗೋದು ಇಲ್ಲೂ ಆಗಲೇಬೇಕು. ಆದರೆ ಅಲ್ಲಿ ಜುಲೈ ತಿಂಗಳಲ್ಲೂ ಹಗಲಿನ ಬಿಸಿ 20 ಡಿಗ್ರಿಯ ಆಸುಪಾಸು. ನಮ್ಮಲ್ಲಿ 20 ಡಿಗ್ರಿಗೆ ಇಳಿದರೆ ಟ್ರಂಕಿನಿಂದ ಮಂಕಿ ಟೋಪಿ ಹೊರಗೆ ಬರುತ್ತೆ.

ಅಂಥ ಊರಲ್ಲಿ ತಮ್ಮ ಹಿತ್ತಲಲ್ಲಿ ದ್ರಾಕ್ಷಿ ಹಾಕಿದ್ದಾನೆ. ತಳಿಯ ಹೆಸರು ಸೀಗರ್‌ರೇಬ. 1929ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಚಳಿ ದೇಶದಲ್ಲೂ ಬೇಗ ಹಣ್ಣಾಗುತ್ತೆ ಅನ್ನೋದೇ ಅದರ ದೊಡ್ಡ ಗುಣ. ಬೇಗ ಅಂದರೆ ಸೆಪ್ಟೆಂಬರ್. ಅಲ್ಲಿ ಬಳ್ಳಿ ಚಿಗುರೋದೇ ಏಪ್ರಿಲ್ ಹೊತ್ತಿಗೆ. ಹೂ ಬಿಡುವಾಗ ಅರ್ಧ ಬೇಸಿಗೆ ಮುಗಿದಿರುತ್ತೆ. ಅಕ್ಟೋಬರ್ ಬಂತು ಅಂದರೆ ಮತ್ತೆ ಚಳಿ. ತಡವಾಗಿ ಮಾಗೋ ತಳಿ ಹಾಕಿದರೆ ಕಾಯಿ ಹುಳಿಯಾಗಿರುವಾಗಲೇ ಎಲೆ ಉದುರಿಹೋಗುತ್ತೆ. ಸಾಲದ್ದಕ್ಕೆ ದ್ರಾಕ್ಷಿ ಬಳ್ಳಿ ಬೆಳೆಯೋದು 10 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ ಮಾತ್ರ. ಅದಕ್ಕೇ ಅಲ್ಲಿಯವರು ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ ಹುಡುಕಿ ಬಳ್ಳಿಯನ್ನು ಅದಕ್ಕೆ ಹಬ್ಬಿಸುತ್ತಾರೆ. ಹಗಲು ಕಾದ ಗೋಡೆ ರಾತ್ರಿಯೂ ಸ್ವಲ್ಪ ಬೆಚ್ಚಗಿಡುತ್ತೆ. ಅಜ್ಜಿಯರು ಸಾಸಿವೆ ಡಬ್ಬದಲ್ಲಿ ಚಿಲ್ಲರೆ ಕೂಡಿಡುತ್ತಿದ್ದರಲ್ಲ, ನನ್ನ ತಮ್ಮ ಹಾಗೆ ಬಿಸಿಲು ಕೂಡಿಡುತ್ತಾನೆ.

ಇದನ್ನೆಲ್ಲ ವಿಡಿಯೋ ಕಾಲ್‌ನಲ್ಲಿ ನೋಡಿ ನಮ್ಮ ಯಜಮಾನರಿಗೆ ಹುಚ್ಚು ಹಿಡಿಯಿತು. ಬ್ಯಾಂಕಿನಿಂದ ಆಗಷ್ಟೇ ರಿಟೈರ್ ಆಗಿದ್ದರು. ಬೆಳಿಗ್ಗೆ ಪೇಪರ್ ಓದಿದ ಮೇಲೂ ಇಡೀ ದಿನ ಬಾಕಿ ಇರುತ್ತಿತ್ತು. ಒಂದು ನರ್ಸರಿಯಿಂದ ಗಿಡ ತಂದರು. "ಬೀಜ ಇಲ್ಲದ್ದು ಸರ್, ಬೇಗ ಬಿಡುತ್ತೆ, ಗ್ಯಾರಂಟಿ" ಅಂದಿದ್ದನಂತೆ. ದಕ್ಷಿಣದ ಗೋಡೆ ನಮ್ಮದಲ್ಲ, ಪಕ್ಕದ ಮನೆಯವರದು. ಅದಕ್ಕೆ ಪಶ್ಚಿಮದ ಗೋಡೆ ಹಿಡಿದರು. "ಬಿಸಿಲು ತಾನೇ ಬೇಕಿರೋದು?" ಅಂದರು. ದಾವಣಗೆರೆಯಲ್ಲಿ ಬಿಸಿಲು ಹುಡುಕಿಕೊಂಡು ಹೋದ ಮೊದಲ ಮನುಷ್ಯ ಇವರೇ ಇರಬೇಕು. ಆ ಗೋಡೆಯ ಬುಡದಲ್ಲಿ ಅತ್ತೆ ಸಂಡಿಗೆ ಒಣಗಿಸುತ್ತಿದ್ದರು. ಬೆಳಿಗ್ಗೆ ಇಟ್ಟರೆ ಸಂಜೆಗೆ ಖಟಖಟ ಅನ್ನುತ್ತಿತ್ತು, ಅಷ್ಟು ಕಾವು. ಅತ್ತೆಯ ಜಾಗ ಹೋಯಿತು. ಆ ಸಿಟ್ಟು ಮುಂದೆ ಬಹಳ ದಿನ ಕೆಲಸಕ್ಕೆ ಬಂತು.

ಬಳ್ಳಿ ಬೆಳೆಯಿತು. ಬೆಳೆಯಿತು ಅಂದರೆ ತಾರಸಿ ಹತ್ತಿ, ಪೈಪಿನ ಚಪ್ಪರ ತುಂಬಿ, ಟಿವಿ ಕೇಬಲ್ ಹಿಡಿದು ಎದುರು ಮನೆ ಕಡೆ ಹೊರಟಿತು. ಎಲೆಯೋ ಎಲೆ. ಒಂದು ಗೊಂಚಲಿಲ್ಲ. ತಮ್ಮನನ್ನು ಕೇಳಿದರೆ, "ಅವಸರ ಬೇಡ ಭಾವ. ಚಳಿಗಾಲ ಬರಲಿ. ಎಲೆ ಎಲ್ಲ ಉದುರಿ ಬಳ್ಳಿ ನಿದ್ದೆ ಹೋಗುತ್ತೆ. ಆಗ ಕತ್ತರಿ ಹಾಕಿ" ಅಂದ.

ಸರಿ, ಕಾದರು. ಡಿಸೆಂಬರ್ ಬಂತು. ದಿನಾ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ತಾರಸಿಗೆ ಹೋಗೋದು, ಕೆಳಗೆ ಬಂದು "ಇನ್ನೂ ಮಲಗಿಲ್ಲ" ಅನ್ನೋದು. ಮನೆಗೆ ಬಂದವರು ಯಾರೋ ಮಗು ಇದೆ ಅಂದುಕೊಳ್ಳುತ್ತಿದ್ದರು. ಸಂಕ್ರಾಂತಿ ಆಯಿತು. ಎಳ್ಳು ಬೆಲ್ಲವೂ ಮುಗಿಯಿತು. ಬಳ್ಳಿ ಕಣ್ಣು ಮಿಟುಕಿಸಲಿಲ್ಲ. ನಮ್ಮೂರ ಚಳಿ ನಮಗೆ ಚಳಿಯೇ ಹೊರತು ಬಳ್ಳಿಗೆ ಅದೊಂದು ಲೆಕ್ಕವೇ ಅಲ್ಲ.

ಈ ಒಗಟು ಬಿಡಿಸಿದ್ದು ಪಕ್ಕದ ಮನೆಗೆ ಬಂದಿದ್ದ ವಿಜಯಪುರದ ಬೀಗರು. ದ್ರಾಕ್ಷಿ ತೋಟದವರು. ತಾರಸಿ ಹತ್ತಿ ನೋಡಿ, "ಏನ್ರೀ ಇದು, ಬರೇ ತಪ್ಪಲ ಬೆಳಸೀರಲ್ರೀ" ಅಂದರು. ಆಮೇಲೆ ಕೂತು ಬಿಡಿಸಿ ಹೇಳಿದರು. ಚಳಿ ದೇಶದಲ್ಲಿ ಬಳ್ಳಿಯನ್ನು ಮಲಗಿಸೋದು ಹಿಮ. ಇಲ್ಲಿ ಆ ಕೆಲಸ ಕತ್ತರಿಯೇ ಮಾಡಬೇಕು, ವರ್ಷಕ್ಕೆ ಎರಡು ಸಲ. ಹಾಗೆ ಬಳ್ಳಿ ಕತ್ತರಿಸೋದಕ್ಕೆ ಚಾಟ್ನಿ ಅಂತಾರೆ. ಏಪ್ರಿಲ್ ಚಾಟ್ನಿಯಲ್ಲಿ ಹಳೇ ಕಡ್ಡಿ ತೆಗೆದರೆ ಹೊಸ ಕಡ್ಡಿ ಬರುತ್ತೆ. ಬೇಸಿಗೆಯಲ್ಲಿ ಆ ಕಡ್ಡಿಯ ಕಣ್ಣಿನೊಳಗೆ ಗೊಂಚಲು ಕಟ್ಟುತ್ತೆ. ಅಕ್ಟೋಬರ್ ಚಾಟ್ನಿ ಆದಮೇಲೆ ಅದು ಹೊರಗೆ ಬರುತ್ತೆ. ಫೆಬ್ರುವರಿ, ಮಾರ್ಚ್‌ಗೆ ಹಣ್ಣು. ಸುಮ್ನೆ ಬಿಟ್ಟರೆ ಬಳ್ಳಿ ಎಲೆ ಬಿಟ್ಟುಕೊಂಡು ಆರಾಮಾಗಿರುತ್ತೆ, ಅದಕ್ಕೇನು ಗರಜು?

ಏಪ್ರಿಲ್‌ನಲ್ಲಿ ಒಮ್ಮೆ ಬೋಳಿಸಿದ್ದು ಅತ್ತೆಗೆ ಗೊತ್ತಾಗಲಿಲ್ಲ, ಅವರು ಮಗಳ ಮನೆಯಲ್ಲಿದ್ದರು. ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಕತ್ತರಿಸಿದ ತುದಿಗಳಿಂದ ತೊಟ ತೊಟ ನೀರು. "ಅಳ್ತಾ ಐತೆ ನೋಡೋ! ತುಂಬಿದ ಬಳ್ಳಿ ಕಡಿದು ಯಾವ ಜನ್ಮಕ್ಕೆ ಉದ್ಧಾರ ಆಗ್ತೀಯ?" ಅಂತ ಮಗನಿಗೆ ಬೈದು ಅವರೂ ಸೆರಗು ಕಣ್ಣಿಗೆ ಹಚ್ಚಿದರು. ಸಂಡಿಗೆಯ ಸಿಟ್ಟು ಅದರಲ್ಲಿ ಎಷ್ಟು ಪಾಲು ಅಂತ ನಾನು ಕೇಳಲಿಲ್ಲ.

ಯಜಮಾನರು ಫೋನ್ ತೆಗೆದು ತಮ್ಮ ಕಳಿಸಿದ್ದ ಫೋಟೋ ತೋರಿಸಿದರು. ಲಂಡನ್ ಹತ್ತಿರದ ಹ್ಯಾಂಪ್ಟನ್ ಕೋರ್ಟ್ ಅರಮನೆಯ ದ್ರಾಕ್ಷಿ ಬಳ್ಳಿ. ನೆಟ್ಟಿದ್ದು 1768ರಲ್ಲಿ. "ನಮ್ಮ ದುರ್ಗದಲ್ಲಿ ಮದಕರಿನಾಯಕರು ಆಳ್ತಿದ್ದಾಗ ಹಾಕಿದ್ದು, ಅವ್ವ. ವರ್ಷಾ ವರ್ಷಾ ಕತ್ತರಿಸ್ತಾರೆ, ಇವತ್ತಿಗೂ ಹಣ್ಣು ಬಿಡ್ತದೆ." ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಅದಕ್ಕೆ ಗಾಜಿನ ಮನೆ ಕಟ್ಟವ್ರೆ. ನೀನು ಕಟ್ಟೀಯಾ?" ಅಂದರು. ಮಾತು ಸರಿಯೇ. ಅಲ್ಲಿ ದ್ರಾಕ್ಷಿ ಬೆಚ್ಚಗಿರಲಿ ಅಂತ ಗಾಜಿನ ಮನೆ ಕಟ್ಟುತ್ತಾರೆ. ನಮ್ಮೂರಲ್ಲೂ ದೊಡ್ಡ ಗಾಜಿನ ಮನೆ ಇದೆ. ಅಲ್ಲಿ ನಾವೇ ಹೋಗಿ ಬೆಚ್ಚಗಾಗಿ, ಸೆಲ್ಫಿ ತೆಗೆದುಕೊಂಡು ಬರುತ್ತೇವೆ.

ಸ್ವಲ್ಪ ದಿನದಲ್ಲೇ ಬೋಳು ಕಡ್ಡಿಯಲ್ಲಿ ಚಿಗುರು ಬಂತು, ಚಿಗುರಿನ ಜೊತೆ ಪುಟ್ಟ ಗೊಂಚಲೂ ಬಂತು. ಅತ್ತೆ ಮಾತು ನಿಲ್ಲಿಸಿದರು. ಆದರೆ ಎಲೆಯ ಮೇಲೆ ಕಂದು ಚುಕ್ಕಿಗಳೂ ಬಂದವು. ಸುದ್ದಿ ಚನ್ನಗಿರಿ ಮಾವನಿಗೆ ಹೋಯಿತು. ಅವರದು ಅಡಿಕೆ ತೋಟ. ಯಾವ ಗಿಡದ ಯಾವ ರೋಗಕ್ಕೂ ಅವರ ಹತ್ತಿರ ಇರೋದು ಒಂದೇ ಮದ್ದು: ಬೋರ್ಡೋ. ಒಂದು ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ನಮ್ಮಲ್ಲಿ ಇದ್ದಿದ್ದು ಒಂದು ಬಳ್ಳಿ. ಆದರೆ ಮಾವನ ಕೈಗೆ ಕಡಿಮೆ ಅಳತೆ ಗೊತ್ತಿಲ್ಲ. ನೀಲಿ ಡ್ರಮ್ ತುಂಬಾ ಕಲಸಿದರು. ಸುಣ್ಣ ಸಾಕಾಯಿತಾ ಅಂತ ನೋಡೋಕೆ ಕಬ್ಬಿಣದ ಚೂರಿ ಅದ್ದಬೇಕು. ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಚೂರಿ ಕೈಗೆ ಸಿಗಲಿಲ್ಲ ಅಂತ ಅತ್ತೆಯ ಈಳಿಗೆ ಮಣೆಯನ್ನೇ ತಲೆಕೆಳಗು ಮಾಡಿ ಅದ್ದಿದರು. ತಾಮ್ರ ಹತ್ತಿತು. ಆಮೇಲೆ ನಡೆದ ಮಾತುಕತೆ ಬರೆಯೋದು ಬೇಡ.

ಬಳ್ಳಿಗೆ ಹೊಡೆದ ಮೇಲೂ ಡ್ರಮ್ ಹಾಗೇ ತುಂಬಿತ್ತು. ಬೋರ್ಡೋ ಕಲಸಿದ ದಿನವೇ ಹೊಡೆದು ಮುಗಿಸಬೇಕು, ಇಟ್ಟರೆ ಕೆಡುತ್ತೆ. ಚೆಲ್ಲೋಕೆ ಮಾವನ ಮನಸ್ಸು ಒಪ್ಪಲಿಲ್ಲ. ದಾಸವಾಳಕ್ಕೆ ಹೊಡೆದರು, ಕಣಗಿಲೆಗೆ ಹೊಡೆದರು, ಗಾಳಿ ತಿರುಗಿದಾಗ ಒಣ ಹಾಕಿದ್ದ ಪಂಚೆಗೂ ಪಕ್ಕದ ಮನೆಯ ಸ್ಕೂಟರಿಗೂ ಹೊಡೆದರು. ತುಳಸಿಕಟ್ಟೆಯ ಮುಂದೆ ಅತ್ತೆ ಎರಡೂ ಕೈ ಚಾಚಿ ನಿಂತಿದ್ದರಿಂದ ಅದು ಉಳಿಯಿತು.

ಈ ಔಷಧ ಹುಟ್ಟಿದ್ದೇ ಕಳ್ಳರಿಂದಾಗಿ. 1880ರ ದಶಕ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರಂತೆ. ಒಳಗಿನ ಬಳ್ಳಿಗಳಿಗೆಲ್ಲ ರೋಗ ಬಂದರೂ ಇವು ಹಸಿರಾಗಿದ್ದದ್ದನ್ನು ಮಿಲಾರ್ಡೆ ಅನ್ನೋ ವಿಜ್ಞಾನಿ ಗಮನಿಸಿ, 1885ರಲ್ಲಿ ಲೋಕಕ್ಕೆ ಹೇಳಿದರು. ಅಲ್ಲಿನ ಕಳ್ಳರು ನೀಲಿ ಎಲೆ ನೋಡಿ ಹೆದರುತ್ತಿದ್ದರು. ನಮ್ಮ ಬೀದಿಯ ಹುಡುಗರು ಗೇಟಿನ ಹತ್ತಿರ ನಿಂತು, "ಪರವಾಗಿಲ್ಲ ಆಂಟಿ, ತೊಳ್ಕೊಂಡು ತಿಂತೀವಿ" ಅಂದರು. ಕಾಯಿ ಇನ್ನೂ ಬಟಾಣಿ ಗಾತ್ರ!

ಫೆಬ್ರುವರಿಯಲ್ಲಿ ಗೊಂಚಲಿಗೆ ಬಣ್ಣ ಬಂತು. ಆಗ ಮ್ಯಾಂಚೆಸ್ಟರಿನಿಂದ ಇನ್ನೊಂದು ಸಲಹೆ: "ಗೊಂಚಲಿನ ಸುತ್ತ ಎಲೆ ಕೀಳಿ ಭಾವ, ಬಿಸಿಲು ನೇರ ಬೀಳಲಿ, ಬೇಗ ಮಾಗುತ್ತೆ." ಅಲ್ಲಿಗೆ ಅದು ಸರಿಯೇ. ಇವರು ಗೋಡೆ ಕಡೆಯ ಎಲೆ ಎಲ್ಲ ಕಿತ್ತರು. ಮಾರ್ಚ್ ಬಿಸಿಲು ನೇರವಾಗಿಯೇ ಬಿತ್ತು. ಆ ಕಡೆಯ ಕಾಯಿಗಳು ಸುಟ್ಟು, ಸುಕ್ಕಾಗಿ, ಕಂದಾದವು. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು ಉಗುಳಿ, "ಪಾಯಸಕ್ಕೂ ಬರಲ್ಲ" ಅಂತ ತೀರ್ಪು ಕೊಟ್ಟರು. ಅದು ಸಂಡಿಗೆ ಒಣಗೋ ಜಾಗ ಅಂತ ಅವರು ಮೊದಲೇ ಹೇಳಿದ್ದರು, ಅಲ್ವಾ?

ಚಪ್ಪರದ ನೆರಳಿನ ಗೊಂಚಲುಗಳು ಚೆನ್ನಾಗಿದ್ದವು. ಕಪ್ಪಗೆ, ಮೇಲೆ ಬೂದಿ ಬಳಿದ ಹಾಗೆ ಬಿಳಿ ಪುಡಿ. ಅದು ಔಷಧವಲ್ಲ, ಹಣ್ಣಿನದೇ ಮೇಣ. ಕಪ್ಪಾಗಿದೆ ಅಂತ ಕಿತ್ತು ತಿಂದರೆ ಹುಳಿ, ಕಿವಿ ನೆಟ್ಟಗಾಗುವಂಥ ಹುಳಿ. ಬಣ್ಣ ಮೊದಲು ಬರುತ್ತೆ, ಸಿಹಿ ಆಮೇಲೆ. ಅತ್ತೆ ಒಂದು ಬುಟ್ಟಿ ಕೀಳಿಸಿ, ಮಾವಿನಕಾಯಿಗೆ ಮಾಡುವಂತೆ ಅಕ್ಕಿ ಡ್ರಮ್‌ನಲ್ಲಿ ಹುದುಗಿಸಿದರು. ಮಾವು, ಬಾಳೆ ಕಿತ್ತಮೇಲೂ ಹಣ್ಣಾಗುತ್ತವೆ. ದ್ರಾಕ್ಷಿ ಹಾಗಲ್ಲ, ಬಳ್ಳಿಯಲ್ಲಿ ಎಷ್ಟು ಸಿಹಿಯೋ ಅಷ್ಟೇ. ವಾರ ಬಿಟ್ಟು ತೆಗೆದರೆ ಹುಳಿ ಹಾಗೇ ಇತ್ತು, ಅಕ್ಕಿ ಮಾತ್ರ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಬೆಲ್ಲ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದೆ. ಇಡೀ ದ್ರಾಕ್ಷಿ ವ್ಯವಹಾರದಲ್ಲಿ ಎಲ್ಲರೂ ಒಪ್ಪಿದ್ದು ಆ ಗೊಜ್ಜನ್ನು ಮಾತ್ರ.

ಬಳ್ಳಿಯಲ್ಲೇ ಬಿಟ್ಟಿದ್ದು ಮುಂದೆ ಸಿಹಿಯಾಯಿತು. ಅದು ನಮಗಿಂತ ಮೊದಲು ಬಾವಲಿಗಳಿಗೆ ಗೊತ್ತಾಯಿತು. ಮ್ಯಾಂಚೆಸ್ಟರಿನಲ್ಲಿ ಈ ಕೆಲಸ ಕಣಜದ ಹುಳುಗಳದಂತೆ. ಹಳೇ ಸೊಳ್ಳೆ ಪರದೆ ಕಟ್ಟಿ ಉಳಿಸಿಕೊಂಡ ಹಣ್ಣನ್ನು ಯಜಮಾನರು ಶಾಸ್ತ್ರೋಕ್ತವಾಗಿ ಬಾಯಿಗೆ ಹಾಕಿಕೊಂಡರು. ಕಟಕ್ ಅಂತು. ಬೀಜ! ಒಂದಲ್ಲ, ಮೂರು. ಬೀಜವಿಲ್ಲದ ಗ್ಯಾರಂಟಿ ಗಿಡ ಅಪ್ಪಟ ಬೆಂಗಳೂರು ಬ್ಲೂ ಆಗಿತ್ತು. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಬೆಳೆಯೋದು, 2013ರಲ್ಲಿ ಜಿಐ ಟ್ಯಾಗ್, ಅಂದರೆ ಆ ಸೀಮೆಯದೇ ಬೆಳೆ ಅನ್ನೋ ಗುರುತು, ಪಡೆದದ್ದು. ಒಳ್ಳೆಯ ಹಣ್ಣೇ. ನರ್ಸರಿಯವನನ್ನು ಕೇಳಿದರೆ, "ಬೀಜ ಉಗಿದು ತಿನ್ನಿ ಸರ್, ಆಗ ಇರಲ್ಲ" ಅಂದನಂತೆ.

ತಮ್ಮ ಈ ಸಲ ಡಿಸೆಂಬರ್‌ನಲ್ಲಿ ರಜೆಗೆ ಬಂದಿದ್ದ. ಆಗ ನಮ್ಮ ಕಾಯಿ ಇನ್ನೂ ಹಸಿರು, ಬೆಣ್ಣೆ ದೋಸೆ ತಿಂದುಕೊಂಡು ಹೋದ. ವಾಪಸ್ ಹೋದವನಿಗೆ ಆಫೀಸಿನ ಕೆಲಸ, ಚಳಿಗಾಲದಲ್ಲಿ ಬಳ್ಳಿ ಕತ್ತರಿಸೋಕೆ ಆಗಲೇ ಇಲ್ಲ. ಫೋನ್ ಮಾಡಿ ಭಾವನನ್ನು ಕೇಳಿದ. ಸಲಹೆ ಕೇಳಿಸಿಕೊಂಡೇ ಸಾಕಾಗಿದ್ದ ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಯೋಚನೆ ಮಾಡಬೇಡ. ಏಪ್ರಿಲ್ ಚಾಟ್ನಿ ಅಂತ ಒಂದಿದೆ" ಅಂದರು.

ಅಲ್ಲಿ ಏಪ್ರಿಲ್ ಅಂದರೆ ಬೇರಿನಿಂದ ರಸ ಏರೋ ಕಾಲ. ಕತ್ತರಿಸಿದ ಒಂದೊಂದು ತುದಿಯೂ ನಲ್ಲಿಯ ಹಾಗೆ ಸೋರಲು ಶುರುವಾಯಿತಂತೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಅವನ ಮಗಳು ಕೆಳಗೆ ಬಕೆಟ್ ಇಟ್ಟಿದ್ದಳು. "ನಿಲ್ತಾನೇ ಇಲ್ಲ ಭಾವ, ಏನು ಮಾಡಲಿ?"

ಯಜಮಾನರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಆಮೇಲೆ ಕೇಳಿದರು, "ಅಲ್ಲಿ ಮೈಲುತುತ್ತ ಸಿಗುತ್ತಾ?"