ದೀಪ ಮೇಯಿಸುವ ಕೆಲಸ

ಬೀದಿದೀಪ ರಿಪೇರಿಯಾದ ದಿನವೇ ನಮ್ಮ ಅಂಗಳದ ದೀಪಗಳು ಆರಿಹೋದವು.

ಎರಡು ವರ್ಷದಿಂದ ಎದುರಿನ ಕಂಬದಲ್ಲಿ ಬೆಳಕಿರಲಿಲ್ಲ. ಗೇಟಿನಿಂದ ಜಗಲಿಯ ತನಕ ಹೂವಿನ ಗಿಡಗಳ ಮಧ್ಯೆ ನಡೆದು ಬರಬೇಕು. ಬಿದ್ದಿರುವುದು ಹಗ್ಗವೋ ಹಾವೋ ಎಂಬ ಸಮಸ್ಯೆ ವೇದಾಂತಿಗಳಿಗೆ ಬರೀ ಉದಾಹರಣೆ. ಮಲೆನಾಡಿನಲ್ಲಿರುವ ನಮಗೆ ಅದು ದಿನಾ ಸಂಜೆಯ ಪಾಡು. ಅದಕ್ಕೇ ಆರು ಸೋಲಾರ್ ದೀಪ ತರಿಸಿ ದಾರಿಯ ಎರಡೂ ಬದಿಗೆ ಚುಚ್ಚಿದ್ದೆ. ಹದಿನೈದು ದಿನ ಚೆನ್ನಾಗಿಯೇ ಉರಿದವು. ಆಮೇಲೆ ಒಂದು ಮಧ್ಯಾಹ್ನ ಯಾರೋ ಏಣಿ ತಂದು, ಕಂಬ ಹತ್ತಿ, ಹೊಸ ಎಲ್‌ಇಡಿ ಹಾಕಿ ಹೋದರು. ಸಂಜೆ ಅದರ ಬೆಳಕು ಸೀದಾ ನನ್ನ ದೀಪಗಳ ನೆತ್ತಿಯ ಮೇಲೆ ಬಿತ್ತು. ಕತ್ತಲಾಯಿತೋ ಇಲ್ಲವೋ ಎಂದು ಅವಕ್ಕೆ ತಿಳಿಸುವುದು ಆ ನೆತ್ತಿಯ ಪ್ಯಾನೆಲ್ಲೇ. ಬೇರೆ ಕಣ್ಣಿಲ್ಲ. ಇನ್ನೂ ಹಗಲಿದೆ ಎಂದುಕೊಂಡು ಆರೂ ಸುಮ್ನೆ ನಿಂತುಬಿಟ್ಟವು.

ಹೋಗಲಿ, ಬೀದಿದೀಪದ ಬೆಳಕೇ ಸಾಕಲ್ವಾ ಎನ್ನಬಹುದು. ಸಾಲದು. ಪ್ಯಾನೆಲ್ಲು ಮೋಸಹೋಗುವಷ್ಟು ಬೆಳಕಿದೆ, ಹಾವು ಕಾಣುವಷ್ಟಿಲ್ಲ. ಕ್ರೋಟನ್ ಎಲೆಗಳ ನೆರಳು ದಾರಿಯ ಮೇಲೆಲ್ಲ ಹರಿದಾಡಿ, ಒಂದು ಹಗ್ಗವಿದ್ದಲ್ಲಿ ಹತ್ತು ಹಾವಾದವು.

"ಐದು ತರಿಸಬೇಕಿತ್ತು ರೀ. ಆರು ತಂದರೆ ಆರದೆ ಇನ್ನೇನಾಗುತ್ತೆ?" ಎಂದಳು ಹೆಂಡತಿ. ಅಷ್ಟಕ್ಕೇ ಬಿಡಲಿಲ್ಲ. "ಅಲ್ಲ, ಬೀದಿದೀಪಕ್ಕೆ ಅರ್ಜಿ ಕೊಟ್ಟವರು ಯಾರು?"

ನಾನೇ. ಆ ಅರ್ಜಿಯ ಕಥೆಯನ್ನು ಮನೆಯಲ್ಲಿ ಈಗ ಯಾರೂ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಇಲ್ಲಿ ಹೇಳುತ್ತೇನೆ.

ಮೊದಲ ಸಲ ಪಂಚಾಯಿತಿಗೆ ಹೋದಾಗ ಗುಮಾಸ್ತರು ಅರ್ಜಿಯನ್ನು ಒಮ್ಮೆ ನೋಡಿ ವಾಪಸ್ ಕೊಟ್ಟರು. "ಕಂಬದ ನಂಬರ್ ಹಾಕಿಲ್ಲ ಸಾರ್."

"ನಮ್ಮ ಮನೆ ಎದುರಿನ ಕಂಬ."

"ಎಲ್ಲಾ ಕಂಬವೂ ಯಾರದ್ದೋ ಮನೆ ಎದುರೇ ಇರುತ್ತೆ ಸಾರ್."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಕಂಬ ನೋಡಿದೆ. ನಂಬರ್ ಇರಬೇಕಾದ ಜಾಗದಲ್ಲಿ ಒಂದು ಟ್ಯೂಷನ್ನಿನ ಪೋಸ್ಟರ್ ಇತ್ತು. ಹತ್ತನೇ ತರಗತಿ ಗಣಿತ, ಫೇಲಾದರೆ ಹಣ ವಾಪಸ್. ಸಂಜೆ ಕತ್ತಲಾದ ಮೇಲೆ ದೋಸೆ ಮಗುಚುವ ಸಟ್ಟುಗ ತಂದು ಕೆರೆಯಲು ಶುರುಮಾಡಿದೆ. ಗಣಿತದ ಕೆಳಗೆ ಮೂಲವ್ಯಾಧಿಗೆ ಆಪರೇಷನ್ ಇಲ್ಲದ ಚಿಕಿತ್ಸೆ ಇತ್ತು. ಅದರ ಕೆಳಗೆ ಯಾವುದೋ ಚುನಾವಣೆಯಲ್ಲಿ ಸೋತವರೊಬ್ಬರ ಅರ್ಧ ಮುಖ, ಕೈ ಮಾತ್ರ ಪೂರ್ತಿ ಮುಗಿದಿತ್ತು. ಅದರ ಕೆಳಗೆ ಯಕ್ಷಗಾನದ ಕರಪತ್ರ. ಪ್ರಸಂಗ ಯಾವುದೆಂದು ಓದಲು ನಾನು ಬಗ್ಗಿದಾಗ ಹಿಂದೆ ಸ್ಕೂಟರ್ ನಿಂತಿತು. ಟ್ಯೂಷನ್ನಿನ ಮೇಷ್ಟ್ರು.

"ಯಾಕೆ ಸಾರ್ ನನ್ನ ಹೊಟ್ಟೆ ಮೇಲೆ ಹೊಡೀತೀರಿ?"

ಸಟ್ಟುಗ ಹಿಡಿದುಕೊಂಡೇ ವಿಷಯ ಹೇಳಿದೆ. ಮನುಷ್ಯ ಒಳ್ಳೆಯವರು. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಮೊಬೈಲ್ ಟಾರ್ಚ್ ಹಿಡಿದು ನಿಂತರು. ಕೊನೆಗೂ ನಂಬರ್ ಕಂಡಿತು. ಮೊದಲೆರಡು ಅಂಕಿ ಒಂದು, ಒಂದು ಎಂದು ಸ್ಪಷ್ಟ, ಮೂರನೆಯದು ಅಳಿಸಿಹೋಗಿದೆ. ಏಳಿರಬಹುದು, ಒಂದೂ ಇರಬಹುದು. ಏಳು ಎಂದು ಬರೆದುಬಿಡುತ್ತೇನೆ ಎಂದೆ. "ಗಣಿತದಲ್ಲಿ ಅಂದಾಜು ನಡೆಯಲ್ಲ ಸಾರ್" ಎಂದು ಅವರೇ ಸಟ್ಟುಗ ಕಿತ್ತುಕೊಂಡು ಹಿಂದಿನ ಕಂಬಕ್ಕೆ ಹೋದರು. ಅಲ್ಲಿ 116. ಮುಂದಿನ ಕಂಬ ಕೆರೆದರು. ಅಲ್ಲಿ 118. "ಸಮಾಂತರ ಶ್ರೇಢಿ!" ಎಂದರು, ಮುಖದಲ್ಲಿ ಅಂಥ ಬೆಳಕನ್ನು ನಾನು ಯಾವ ಬಲ್ಬಿನಲ್ಲೂ ಕಂಡಿಲ್ಲ. ಆಮೇಲೆ ಬ್ಯಾಗಿನಿಂದ ಮೂರು ಹೊಸ ಪೋಸ್ಟರ್ ತೆಗೆದು ಮೂರೂ ಕಂಬಕ್ಕೆ ಅಂಟಿಸಿ ಹೊರಟರು. ನಂಬರಿನ ಮೇಲೆಯೇ.

ಎರಡನೇ ಸಲ ಅರ್ಜಿ ತೆಗೆದುಕೊಂಡರು. ಆದರೆ ಕಂಬ ಕರೆಂಟಿನವರದು, ಬಲ್ಬು ಇವರದು. ಯಾರು ಯಾರನ್ನು ಕೇಳಬೇಕು ಎಂಬುದರಲ್ಲೇ ಎರಡು ವರ್ಷ ಹೋಯಿತು. ನಾನು ಮರೆತು, ಸಿಟ್ಟು ಇಳಿದು, ದುಡ್ಡು ಕೊಟ್ಟು ದೀಪ ತರಿಸಿಕೊಂಡ ಮೇಲೆ ಕೆಲಸವಾಯಿತು. ಈಗ ಬಲ್ಬು ತೆಗೆಯಿರಿ ಎಂದು ಇನ್ನೊಂದು ಅರ್ಜಿ ಕೊಡಲು ನನಗೆ ಮುಖವಿಲ್ಲ. ಇದ್ದರೂ, ಆ ಪೋಸ್ಟರ್ ಮತ್ತೆ ಕೆರೆಯುವವರು ಯಾರು?

ಕೊಳ್ಳುವಾಗ ನಾನೇನೂ ಕಣ್ಣುಮುಚ್ಚಿ ಕೊಂಡವನಲ್ಲ. ನೀರಿನ ವಿಚಾರ ಓದಿಕೊಂಡಿದ್ದೆ. ಐಪಿ 44 ಎಂದರೆ ನೀರು ಎರಚಿದರೆ ತಡೆಯುತ್ತದೆ, ಐಪಿ 65 ಎಂದರೆ ಪೈಪಿನಲ್ಲಿ ಬಿಟ್ಟರೂ ತಡೆಯುತ್ತದೆ. ನಾನು 65 ಅನ್ನೇ ತರಿಸಿದೆ. ಪುನರ್ವಸು ಮಳೆಗೆ ಇನ್ನೊಂದು ನಂಬರ್ ಬೇಕು, ಅದನ್ನು ಯಾರೂ ಮಾಡಿಲ್ಲ. ಹಳದಿ ಬೆಳಕಿನದೇ ಬೇಕೆಂದು ಹುಡುಕಿದೆ. ತುಳಸಿಕಟ್ಟೆಗೆ ಕೆಂಪು, ನೀಲಿ, ಹಸಿರು ಅಂತ ಬಣ್ಣ ಬದಲಿಸುವ ದೀಪ ಹಾಕುವವರನ್ನು ಕಂಡರೆ ನನಗಾಗುವುದಿಲ್ಲ. ತುಳಸಿಗೂ ಆಗಲಿಕ್ಕಿಲ್ಲ. ಕೊಂಡವರ ಅಭಿಪ್ರಾಯಗಳನ್ನೂ ಓದಿದೆ. "ಇನ್ನೂ ಡಬ್ಬಿ ತೆರೆದಿಲ್ಲ, ತುಂಬಾ ಚೆನ್ನಾಗಿದೆ" ಎಂದು ಐದು ಸ್ಟಾರ್ ಕೊಟ್ಟವರಿದ್ದಾರೆ. ಒಬ್ಬ ಮಹಾಶಯ "ಉರಿಯುವುದೇ ಇಲ್ಲ, ಮೋಸ" ಎಂದು ಒಂದೇ ಸ್ಟಾರ್ ಕೊಟ್ಟಿದ್ದ. ಕೆಳಗೆ ಯಾರೋ ಕೇಳಿದ್ದರು, ತಳದಲ್ಲಿರುವ ಸ್ವಿಚ್ ಹಾಕಿದ್ದೀರಾ ಎಂದು. ಇದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿ ಎಷ್ಟು ನಕ್ಕಿದ್ದೆ! ಎಂಥೆಂಥ ಜನ ಇರುತ್ತಾರೆ ನೋಡು ಎಂದಿದ್ದೆ.

ಈಗ ನಮ್ಮ ಅಂಗಳದ ಸ್ಥಿತಿ ಹೀಗಿದೆ. ಬಿಸಿಲು ಬೀಳುವ ಜಾಗದಲ್ಲಿ ರಾತ್ರಿ ಬೀದಿದೀಪ ಬೀಳುತ್ತದೆ. ರಾತ್ರಿ ಕತ್ತಲಿರುವುದು ಹಲಸಿನ ಮರದ ಬುಡದಲ್ಲಿ, ಅಲ್ಲಿ ಹಗಲೂ ಕತ್ತಲೇ. ಹಾಗಾಗಿ ಬೆಳಿಗ್ಗೆ ಕಾಫಿ ಕುಡಿದು ಆರನ್ನೂ ಕಿತ್ತು ಬಿಸಿಲಿಗೆ ತಂದು ನೆಡುತ್ತೇನೆ. ಸಂಜೆ ಮತ್ತೆ ಕಿತ್ತು ಮರದ ಕಡೆಗೆ ಒಯ್ಯುತ್ತೇನೆ. "ಎಲ್ಲಿಗೆ ಹೊರಟ್ರಿ?" ಎಂದು ಯಾರಾದರೂ ಕೇಳಿದರೆ ಹೆಂಡತಿ ಒಳಗಿಂದಲೇ ಹೇಳುತ್ತಾಳೆ, "ದೀಪ ಮೇಯಿಸಕ್ಕೆ." ಮಲೆನಾಡಿನಲ್ಲಿ ಈಗ ಕೊಟ್ಟಿಗೆಯಲ್ಲಿ ದನವಿಲ್ಲ. ಅಭ್ಯಾಸ ಮಾತ್ರ ಉಳಿದಿದೆ.

ಮಳೆಗಾಲದಲ್ಲಿ ಮೇವೂ ಇಲ್ಲ. ಜುಲೈಯಲ್ಲಿ ಸೂರ್ಯ ನಮ್ಮೂರಿಗೆ ಹಾಜರಿ ಹಾಕಲು ಮಾತ್ರ ಬರುತ್ತಾನೆ. ದೀಪಗಳು ಸಂಜೆ ಹತ್ತು ನಿಮಿಷ ಮಿಣಿಮಿಣಿ ಅಂದು ಕಣ್ಣು ಮುಚ್ಚುತ್ತವೆ. ಆಗಲೇ ಪಾವಗಡದ ಬೀಗರು ಬಂದಿದ್ದರು. ಅವರ ಕಡೆ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಬೆಳೆ ಬಾರದ ಹೊಲವನ್ನು ಪ್ಯಾನೆಲ್ಲಿಗೆ ಗುತ್ತಿಗೆ ಕೊಟ್ಟು ಕೂತವರು ಅವರು. ಜಗಲಿಯಲ್ಲಿ ಕೂತು, ಮಳೆಯಲ್ಲಿ ನೆನೆಯುತ್ತಿದ್ದ ನನ್ನ ಆರನ್ನು ನೋಡಿ, "ಇವು ಎಷ್ಟು ಮೆಗಾವಾಟು ಬೀಗರೇ?" ಎಂದರು. ನಾನೂ ಬಿಡಲಿಲ್ಲ. ನಮ್ಮ ಶರಾವತಿಯದು 1,035 ಮೆಗಾವಾಟು, ನಿಮ್ಮ ಬಿಸಿಲು ಮುಳುಗಿದ ಮೇಲೂ ನಡೆಯುತ್ತದೆ ಎಂದೆ. ಅಷ್ಟೊತ್ತಿಗೆ ಕರೆಂಟ್ ಹೋಯಿತು. ಬೀಗರು ದೊಡ್ಡವರು, ಏನೂ ಹೇಳದೆ ಪತ್ರೊಡೆ ತಿಂದರು.

ಆ ಮಳೆಯಲ್ಲೇ ಆರನೆಯದು ಪೂರ್ತಿ ಮಲಗಿತು. ಬಿಚ್ಚಿ ನೋಡಿದರೆ ಒಳಗಿನ ಸೆಲ್ ಗಡಿಯಾರದ ಸೆಲ್ಲಿನ ಹಾಗೇ ಇತ್ತು. ಗಡಿಯಾರದ ಸೆಲ್ಲನ್ನೇ ಹಾಕಿದೆ. ಹಾಕಬಾರದಿತ್ತು. ಅದು 1.5 ವೋಲ್ಟಿನದು, ಚಾರ್ಜ್ ಮಾಡುವಂಥದ್ದಲ್ಲ. ವಾರದಲ್ಲಿ ಒಸರಿ, ಸ್ಪ್ರಿಂಗಿನ ಮೇಲೆಲ್ಲ ಬಿಳಿ ಬೂಷ್ಟು ಹಿಡಿಯಿತು. ಇತ್ತ ಗಡಿಯಾರವೂ ನಿಂತಿತ್ತು. ಬೇಕಾದ 1.2 ವೋಲ್ಟಿನ ಸೆಲ್ ನಮ್ಮೂರಿನ ಮೂರು ಅಂಗಡಿಯಲ್ಲೂ ಸಿಗಲಿಲ್ಲ. "ದೀಪಾನೇ ಹೊಸದು ತಗೊಳ್ಳಿ ಸಾರ್" ಎಂದರು ಮೂರೂ ಕಡೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ಮಾತು. ಸೆಲ್ ಹೋದರೆ ದೀಪ ಎಸೆಯಬೇಕು, ಚಪ್ಪಲಿಯ ಉಂಗುಷ್ಟ ಕಿತ್ತರೆ ಕಾಲೇ ಎಸೆಯಬೇಕು! ಶಿವಮೊಗ್ಗದಿಂದ ಸೆಲ್ ತರಿಸಿದೆ. ಸ್ಪ್ರಿಂಗಿಗೆ ಮರಳುಕಾಗದ ಉಜ್ಜಿದೆ. ಮಂಜಾಗಿದ್ದ ಪ್ಯಾನೆಲ್ಲಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆ. ನನ್ನ ಹಲ್ಲಿಗೂ ಅಷ್ಟು ಮಾಡಿಲ್ಲ. ಆದರೂ ಉರಿಯಲಿಲ್ಲ. ತಿಂಗಳುಗಟ್ಟಲೆ ಉಳಿದ ಐದರ ಜೊತೆ ಅದನ್ನೂ ಹೊತ್ತು ತಿರುಗಿದೆ. ಗೊಡ್ಡು ಎಂದು ಬಿಟ್ಟುಬಿಡಲಾಗುತ್ತದೆಯೇ?

ಮೊನ್ನೆ ಸೊಂಟ ಹಿಡಿದುಕೊಂಡಿತ್ತು. ಸಂಜೆ ಯಾವುದನ್ನೂ ಕೀಳಲಿಲ್ಲ, ಬಿಸಿಲಿನ ಜಾಗದಲ್ಲೇ ಬಿಟ್ಟೆ. ಎಂಟು ಗಂಟೆಗೆ ಕರೆಂಟ್ ಹೋಯಿತು, ಬೀದಿದೀಪವೂ ಹೋಯಿತು. ದಾರಿಯ ಎರಡೂ ಬದಿ ಐದು ದೀಪ ಒಟ್ಟಿಗೇ ಹತ್ತಿಕೊಂಡವು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವರು, "ಏನ್ ಸಾರ್, ನಿಮ್ಮಲ್ಲಿ ಕರೆಂಟ್ ಇದೆಯಾ?" ಎಂದು ಕೇಳಿದರು.

"ಇದೆ" ಎಂದೆ.

"ಆರನೇದು ಕೊಡಿ ಇಲ್ಲಿ" ಎಂದು ಹೆಂಡತಿ ಅದನ್ನು ಕಿತ್ತು, ತಲೆಕೆಳಗು ಮಾಡಿ, ತಳಕ್ಕೆ ಟಾರ್ಚ್ ಬಿಟ್ಟಳು. ಸೆಲ್ ಬದಲಿಸುವಾಗ ಸ್ವಿಚ್ ಆಫ್ ಮಾಡಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಮಾಡಿದ್ದೆ.

"ಒಂದು ಸ್ಟಾರ್ ಕೊಡ್ಲಾ?" ಎಂದಳು.

ನಾನು ಉತ್ತರ ಹುಡುಕುವಷ್ಟರಲ್ಲಿ ಕರೆಂಟ್ ಬಂತು. ಐದೂ ಆರಿದವು.