ಈ ಗುಂಡು ಯಾರದ್ದು ಸ್ವಾಮಿ?

ಅಂತೂ ಹಳೇ ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ನೌಕೆ ಕಾಸ್ಮಾಸ್ 482 ಬಿತ್ತು. 1972ರ ಮಾರ್ಚ್ 31ರಂದು ಶುಕ್ರ ಗ್ರಹಕ್ಕೆಂದು ಹೊರಟದ್ದು 2025ರ ಮೇ 10ರಂದು ಹಿಂದೂ ಮಹಾಸಾಗರ ತಲುಪಿತು. ಶುಕ್ರನ ಕಾವು, ಒತ್ತಡ ಎಲ್ಲಾ ತಡೆಯಲಿ ಅಂತ ಕಟ್ಟಿದ, ಸುಮಾರು 500 ಕೆಜಿಯ ಟೈಟಾನಿಯಂ ಗುಂಡು. ಪಾಪ, ಅದರದ್ದೇನೂ ತಪ್ಪಿಲ್ಲ. ಭೂಮಿಯ ಕಕ್ಷೆಯಿಂದ ಆಚೆ ದೂಡಬೇಕಿದ್ದ ಎಂಜಿನ್ ಬೇಗ ಆರಿಹೋಯಿತು. ಟೈಮರ್ ತಪ್ಪಾಗಿ ಇಟ್ಟಿದ್ದರಂತೆ.

ಆದರೂ ಸೋವಿಯತ್ ಸರ್ಕಾರವನ್ನು ಮೆಚ್ಚಬೇಕು. ಅಲ್ಲಿ ಯಾವ ನೌಕೆಯೂ ಸೋಲುತ್ತಲೇ ಇರಲಿಲ್ಲ. ಕಕ್ಷೆ ದಾಟಿತೋ, ವೆನೆರಾ (ರಷ್ಯನ್ನಿನಲ್ಲಿ ಶುಕ್ರ). ದಾಟಲಿಲ್ಲವೋ, ಕಾಸ್ಮಾಸ್ ಅಂತ ಒಂದು ನಂಬರ್ ಕೊಟ್ಟರಾಯ್ತು, ಶುಕ್ರನ ಸುದ್ದಿಯೇ ಬೇಡ. ನಾಲ್ಕು ದಿನ ಮೊದಲು ಹಾರಿದ ಅವಳಿ ಅಣ್ಣ ವೆನೆರಾ 8 ಜುಲೈನಲ್ಲಿ ಶುಕ್ರನ ಮೇಲಿಳಿದು ಹೆಸರು ಮಾಡಿತು. ತಮ್ಮನ ಹೆಸರನ್ನು ರೇಷನ್ ಕಾರ್ಡಿನಿಂದಲೇ ಹೊಡೆದು ಹಾಕಿದರು.

ನ್ಯೂಜಿಲೆಂಡಿನ ಆಶ್‌ಬರ್ಟನ್ ಕಥೆ ಇನ್ನೂ ಚೆನ್ನಾಗಿದೆ. ಈ ಗುಂಡನ್ನು ಹೊತ್ತ ರಾಕೆಟ್ ಹಾರಿ ವಾರ ಕಳೆದಿರಲಿಲ್ಲ, ರಾತ್ರಿ ಅಲ್ಲಿನ ಹೊಲಗಳಿಗೆ ಕೆಂಡದಂಥ ಲೋಹದ ಚೆಂಡುಗಳು ಬಿದ್ದವು. ಒಂದೊಂದೂ 13 ಕೆಜಿಗಿಂತ ಜಾಸ್ತಿ. ಬೆಳೆ ಸುಟ್ಟು ನೆಲ ಗುಂಡಿ ಬಿತ್ತು. ಬೆಸುಗೆ ನೋಡಿ, ಮೈಮೇಲಿನ ಗುರುತು ನೋಡಿ, ಇದು ಸೋವಿಯತ್ ಮಾಲು ಅಂತ ಅಲ್ಲಿನ ವಿಜ್ಞಾನಿಗಳು ಕಂಡುಹಿಡಿದರು. ಕಾನೂನಿನ ಪ್ರಕಾರ ವಾರಸುದಾರ ದೇಶಕ್ಕೆ ವಾಪಸ್ ಕೊಡಬೇಕು. ತಗೊಳ್ಳಿ ಸ್ವಾಮಿ ಅಂದರೆ ಮಾಸ್ಕೋ 'ನಮ್ಮದಲ್ಲ' ಅಂತು! ಕೊನೆಗೆ ಹೊಲ ಯಾರದ್ದೋ ಚೆಂಡೂ ಅವರದ್ದೇ ಆಯಿತು. ಬೆಳೆ ಹೋಯಿತು, ಟೈಟಾನಿಯಂ ಬಂತು. ಶುಕ್ರದೆಸೆ ಅಂದರೆ ಇದೇ ಇರಬೇಕು.

ಮೇಲಿಂದ ಬಿದ್ದು ಹಾನಿಯಾದರೆ ಹಾರಿಸಿದ ದೇಶವೇ ಹೊಣೆ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಸಹಿಗೆ ಬಂದದ್ದು ಯಾವಾಗ ಗೊತ್ತಾ? 1972ರ ಮಾರ್ಚ್ 29. ಲಂಡನ್, ವಾಷಿಂಗ್ಟನ್ ಜೊತೆ ಮಾಸ್ಕೋದಲ್ಲೂ. ಎರಡೇ ದಿನಕ್ಕೆ ನಮ್ಮ ಗುಂಡು ಹಾರಿತು. 1978ರಲ್ಲಿ ಇನ್ನೊಂದು ಸೋವಿಯತ್ ಉಪಗ್ರಹ ಕಾಸ್ಮಾಸ್ 954 ಅಣು ರಿಯಾಕ್ಟರ್ ಸಮೇತ ಕೆನಡಾದ ಮೇಲೆ ಚೂರುಚೂರಾಗಿ ಉದುರಿತು. ಕೆನಡಾ ಕೇಳಿದ್ದು ಸುಮಾರು 60 ಲಕ್ಷ ಕೆನಡಾ ಡಾಲರ್. ಮೂರು ವರ್ಷ ಎಳೆದಾಡಿ 30 ಲಕ್ಷಕ್ಕೆ ಚೌಕಾಸಿ ಮುಗಿಯಿತು.

ನಿಜ ಹೇಳಬೇಕೆಂದರೆ ನಗು ಬರುತ್ತಿಲ್ಲ. ಅರ್ಧ ಟನ್ ಲೋಹ ಯಾವ ಊರಿನ ಮೇಲೆ ಬೀಳುತ್ತೆ ಅಂತ ಕೊನೇವರೆಗೂ ಯಾರೂ ಹೇಳಲಾಗಲಿಲ್ಲ. ಬಿದ್ದ ಮೇಲೂ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ರಷ್ಯಾದ ಹೇಳಿಕೆ ಮಾತ್ರ ಕರಾರುವಾಕ್ಕು: ಮಾಸ್ಕೋ ಸಮಯ 9.24, ಮಧ್ಯ ಅಂಡಮಾನ್‌ನಿಂದ 560 ಕಿಲೋಮೀಟರ್ ಪಶ್ಚಿಮಕ್ಕೆ ವಾತಾವರಣ ಹೊಕ್ಕಿತು. ಅಂದರೆ ನಮ್ಮ ಬಂಗಾಳ ಕೊಲ್ಲಿಯ ನೆತ್ತಿಯ ಮೇಲೆ. ಆಮೇಲೆ ಜಕಾರ್ತಾದ ಪಶ್ಚಿಮಕ್ಕೆ ಸಮುದ್ರಕ್ಕೆ ಬಿತ್ತು. ಹೊಲಕ್ಕೆ ಬಿದ್ದಾಗ ನಮ್ಮದಲ್ಲ. ಸಮುದ್ರಕ್ಕೆ ಬಿದ್ದಾಗ ನಿಮಿಷದ ಸಮೇತ ನಮ್ಮದೇ. ಸಮುದ್ರ ಪರಿಹಾರ ಕೇಳಲ್ಲ, ಅಲ್ವಾ?